ಏಳು ಸೀಟಿನ ಡೀಸೆಲ್ ಎಸ್‌ಯುವಿ, ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ. ದೊಡ್ಡ ಡಿಸ್ಕ್ ಹಾಕಿಸಲಾ?

ನವಲೂರ_ಪೇರಲ (ಧಾರವಾಡ)

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಸೆಕೆಂಡ್ ಹ್ಯಾಂಡ್ ತಗೊಂಡ ಗಾಡಿ. ಕಂಪನಿ, ಮಾಡೆಲ್ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಬರೆದರೆ ಆ ಕಂಪನಿಯವರು ಈ ಕಂಪನಿಯವರು ಅಂತ ಜಗಳ ಶುರುವಾಗಿ ನನ್ನ ಬ್ರೇಕ್ ಮರೆತುಹೋಗುತ್ತದೆ. ಲ್ಯಾಡರ್ ಫ್ರೇಮ್, ಡೀಸೆಲ್, ಮ್ಯಾನುಯಲ್ ಗೇರ್. ಮುಂದೆ ಡಿಸ್ಕ್, ಹಿಂದೆ ಡ್ರಮ್, ಎಬಿಎಸ್ (ಬ್ರೇಕ್ ಹಾಕಿದಾಗ ಗಾಲಿ ಲಾಕ್ ಆಗದಂತೆ ತಡೆಯುವುದು) ಇದೆ. ಖಾಲಿ ಇದ್ದಾಗಲೇ ಎರಡು ಟನ್ನಿನ ಮೇಲೆ. ಮನೆಮಂದಿ, ಬ್ಯಾಗು, ನೀರಿನ ಕ್ಯಾನು ಎಲ್ಲ ಏರಿದರೆ 2600 ಕೆಜಿ ಹತ್ತಿರ.

ಬ್ರೇಕ್ ಇಲ್ಲವೇ ಇಲ್ಲ ಅಂತಲ್ಲ. ಧೈರ್ಯ ಬರುವುದಿಲ್ಲ ಅಷ್ಟೇ. ಉಣಕಲ್ ಇಳಿಜಾರಿನಲ್ಲಿ ಮುಂದಿನ ಗಾಡಿ ಗಕ್ಕನೆ ನಿಂತರೆ ನಾನು ಸೀಟಿನಿಂದ ಎದ್ದು ಪೆಡಲ್ ತುಳಿಯಬೇಕು. ಗಾಡಿಯ ಮೂಗು ಕೆಳಗೆ ಬಾಗುತ್ತದೆ, ಹಿಂಭಾಗ ಮೇಲೇಳುತ್ತದೆ, ಆದರೆ ವೇಗ ಅಂದುಕೊಂಡಷ್ಟು ಇಳಿಯುವುದಿಲ್ಲ. ಗೋಕರ್ಣಕ್ಕೆ ಹೋಗುವಾಗ ಅರಬೈಲ್ ಘಾಟ್ ಅರ್ಧ ಇಳಿಯುವಷ್ಟರಲ್ಲಿ ಮುಂದಿನ ಗಾಲಿಗಳಿಂದ ಸುಟ್ಟ ವಾಸನೆ. ಪೆಡಲ್ ಗಟ್ಟಿಯಾಗೇ ಇತ್ತು, ಹಿಡಿತ ಮಾತ್ರ ಇರಲಿಲ್ಲ. ಬದಿಗೆ ನಿಲ್ಲಿಸಿ ತಣ್ಣಗಾದ ಮೇಲೆ ಮತ್ತೆ ಮೊದಲಿನ ಹಾಗೇ ಆಯಿತು.

ಒಂದು ಗ್ಯಾರೇಜಿನಲ್ಲಿ "ಈ ಗಾತ್ರದ ಗಾಡಿಗೆ ಬ್ರೇಕ್ ಇಷ್ಟೇ ಸರ್" ಅಂದರು. ಇನ್ನೊಂದು ಕಡೆ ದೊಡ್ಡ ಡಿಸ್ಕ್, ನಾಲ್ಕು ಪಿಸ್ಟನ್ ಕ್ಯಾಲಿಪರ್ (ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುವ ಭಾಗ), ಹಿಂದಕ್ಕೂ ಡಿಸ್ಕ್ ಅಂತ ಕೊಟೇಶನ್ ಕೊಟ್ಟರು. ಆ ಮೊತ್ತ ನೋಡಿ ನನಗೇ ಬ್ರೇಕ್ ಬಿತ್ತು. ಹಾಕಿಸಿದವರು ಯಾರಾದರೂ ಇದ್ದೀರಾ?

ಬೈಪಾಸ್_ರನ್ನರ್ (ಹುಬ್ಬಳ್ಳಿ)

ಹಾಕಿಸಿ ಅಣ್ಣ, ಯೋಚನೆ ಮಾಡಬೇಡಿ. ನಾನು ಮುಂದೆ ದೊಡ್ಡ ಡಿಸ್ಕ್, ಗೀರು ಇರುವ ಮಾದರಿಯದು ಹಾಕಿಸಿದ್ದೇನೆ. ಪೆಡಲ್ ಮುಟ್ಟಿದರೆ ಸಾಕು. ಗಬ್ಬೂರಿನಿಂದ ನರೇಂದ್ರದವರೆಗೆ ಬೈಪಾಸ್‌ನಲ್ಲಿ ಲಾರಿಗಳ ಮಧ್ಯೆ ಓಡಿಸುವವರಿಗೆ ಬ್ರೇಕ್ ವಿಷಯದಲ್ಲಿ ಕಂಜೂಸಿ ಸಲ್ಲದು.

ಗೋಕುಲ್‌ರೋಡ್_ಬೆಂಚು (ಹುಬ್ಬಳ್ಳಿ, ಗ್ಯಾರೇಜ್ ಕೆಲಸ)

ತಡೀರಿ, ತಡೀರಿ. ಗಾಡಿ ನೋಡದೆ ಔಷಧಿ ಬರೆದು ಕೊಟ್ಟರೆ ಹೇಗೆ?

ಪೇರಲ ಸರ್, ಪೆಡಲ್ ಏನು ಹೇಳುತ್ತದೆ ಅನ್ನುವುದು ಮೊದಲು. ತುಳಿದರೆ ಸ್ಪಂಜಿನ ಹಾಗೆ ಮೆತ್ತಗೆ ಹೋಗುತ್ತಾ? ಹಾಗಿದ್ದರೆ ಲೈನಿನಲ್ಲಿ ಗಾಳಿ ಇದೆ, ಇಲ್ಲವೇ ಬ್ರೇಕ್ ಆಯಿಲ್ ಹಳೆಯದು, ಇಲ್ಲವೇ ರಬ್ಬರ್ ಹೋಸ್ ಉಬ್ಬುತ್ತಿದೆ. ಮೊದಲ ಸಲ ಆಳಕ್ಕೆ ಹೋಗಿ, ಎರಡನೇ ಸಲ ತುಳಿದಾಗ ಮೇಲೇ ಸಿಗುತ್ತಾ? ಹಿಂದಿನ ಡ್ರಮ್ಮನ್ನು ಒಳಗಿನಿಂದ ಒತ್ತುವ ಶೂ ದೂರ ಸರಿದಿದೆ, ಅದನ್ನು ಹತ್ತಿರ ಇಡುವ ಅಡ್ಜಸ್ಟರ್ ಕೆಲಸ ಮಾಡುತ್ತಿಲ್ಲ. ಒತ್ತಿ ಹಿಡಿದರೆ ನಿಧಾನವಾಗಿ ಕೆಳಗೆ ಇಳಿಯುತ್ತಾ? ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಹೋಗಿದೆ, ಆ ಗಾಡಿ ಓಡಿಸಲೇಬೇಡಿ.

ನಿಮ್ಮದು ಗಟ್ಟಿ ಪೆಡಲ್, ಆದರೂ ಹಿಡಿತ ಇಲ್ಲ ಅಂತೀರಿ. ಅಂದರೆ ಕಾಲಿನ ಬಲ ಹೆಚ್ಚಿಸುವ ಬೂಸ್ಟರ್‌ಗೆ ವ್ಯಾಕ್ಯೂಮ್ ಸಾಲುತ್ತಿಲ್ಲ, ಅಥವಾ ಡಿಸ್ಕಿಗೆ ಒತ್ತುವ ಪ್ಯಾಡ್ ಮೇಲ್ಮೈ ಗಾಜಿನ ಹಾಗೆ ನುಣುಪಾಗಿದೆ, ಅಥವಾ ಕ್ಯಾಲಿಪರ್ ಜಾಮ್ ಆಗಿದೆ. ಮೂರೂ ಒಟ್ಟಿಗೆ ಇದ್ದರೂ ಇರಬಹುದು. ಹಳೆಯ ಗಾಡಿಯಲ್ಲಿ ಸಾಮಾನ್ಯವಾಗಿ ಒಂದೇ ಕಾರಣ ಇರುವುದಿಲ್ಲ.

ಮನೆ ಮುಂದೆಯೇ ಒಂದು ಪರೀಕ್ಷೆ ಮಾಡಿ. ಇಂಜಿನ್ ಆಫ್ ಮಾಡಿ. ಪೆಡಲನ್ನು ನಾಲ್ಕೈದು ಸಲ ತುಳಿಯಿರಿ, ಗಟ್ಟಿಯಾಗುತ್ತದೆ. ಕಾಲು ಅಲ್ಲೇ ಒತ್ತಿ ಹಿಡಿದು ಸ್ಟಾರ್ಟ್ ಮಾಡಿ. ಪೆಡಲ್ ತಾನಾಗಿ ಸ್ವಲ್ಪ ಕೆಳಗೆ ಹೋಗಬೇಕು. ಹೋಗದಿದ್ದರೆ ಬೂಸ್ಟರ್ ಕಡೆ ನೋಡಬೇಕು. ಆಮೇಲೆ ಇಂಜಿನ್ ನಿಲ್ಲಿಸಿ ಐದು ನಿಮಿಷ ಬಿಟ್ಟು ತುಳಿಯಿರಿ. ಮೊದಲ ಒಂದೆರಡು ತುಳಿತ ಹಗುರಾಗಿರಬೇಕು. ಮೊದಲನೆಯದೇ ಗಟ್ಟಿ ಅನ್ನಿಸಿದರೆ ಬೂಸ್ಟರಿನಲ್ಲಿ ವ್ಯಾಕ್ಯೂಮ್ ನಿಲ್ಲುತ್ತಿಲ್ಲ.

ಗದಗ_ಎರೆಮಣ್ಣು (ಕೆಎ-26)

ಬೆಂಚು ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಎಬಿಎಸ್ ಇದೆ ಅಂದಿರಲ್ಲ? ಒಣಗಿದ ಡಾಂಬರು ರಸ್ತೆ, ಹಿಂದೆ ಮುಂದೆ ಯಾರೂ ಇಲ್ಲ, 40-50ರ ವೇಗ. ಪೂರ್ತಿ ತುಳಿಯಿರಿ. ಕಾಲಿಗೆ ಕಟಕಟ ಅಂತ ಬಡಿತ ಬರುತ್ತಾ?

ಬಂದರೆ ನಿಮ್ಮ ಬ್ರೇಕಿಗೆ ಶಕ್ತಿ ಇದೆ, ಟೈರ್ ಹಿಡಿತವೇ ಮುಗಿದಿದೆ ಅಂತ ಅರ್ಥ. ಆಗ ಎಷ್ಟು ದೊಡ್ಡ ಡಿಸ್ಕ್ ಹಾಕಿದರೂ ಒಂದೇ ಸಲದ ಬ್ರೇಕಿಗೆ ಗಾಡಿ ಮೊದಲಿಗಿಂತ ಬೇಗ ನಿಲ್ಲುವುದಿಲ್ಲ. ಕೊನೆಗೆ ಗಾಡಿ ನಿಲ್ಲಿಸುವುದು ರಸ್ತೆ ಮುಟ್ಟಿರುವ ರಬ್ಬರ್ ತಾನೆ? ಬಡಿತ ಬರದಿದ್ದರೆ ಶಕ್ತಿ ಎಲ್ಲೋ ಸೋರುತ್ತಿದೆ. ಅದನ್ನು ಹುಡುಕಬೇಕು.

ಮತ್ತೆ, ಹಳೆಯ ಮಾಲೀಕರು ಟೈರ್ ಬದಲಿಸಿದ್ದಾರಾ? ಗಾಡಿ ಎತ್ತರ ಮಾಡಿಸಿದ್ದಾರಾ?

ನವಲೂರ_ಪೇರಲ

ಭಾನುವಾರ ಬೆಳಗ್ಗೆ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾ ಖಾಲಿ ಇರುತ್ತದೆ, ಅಲ್ಲಿ ನೋಡಿದೆ. ಎಬಿಎಸ್ ಬಡಿತ ಬರಲೇ ಇಲ್ಲ. ಎರಡೂ ಕಾಲು ಹಾಕಿದರೂ ಇಲ್ಲ.

ಬೂಸ್ಟರ್ ಪರೀಕ್ಷೆ: ಸ್ಟಾರ್ಟ್ ಮಾಡಿದಾಗ ಪೆಡಲ್ ಇಳಿಯುತ್ತದೆ, ಆದರೆ ಬಾಳ ನಿಧಾನ. ಐದು ನಿಮಿಷದ ಮೇಲೆ ತುಳಿದರೆ ಮೊದಲನೆಯದೇ ಗಟ್ಟಿ.

ಟೈರ್ ಬದಲಾಗಿದೆ. ಕಂಪನಿ ಅಳತೆ 235/70 ಆರ್16, ಈಗಿರುವುದು 265/70 ಆರ್16, ದಪ್ಪ ಗುಬ್ಬಿಯ ಆಲ್ ಟೆರೇನ್. ಹಿಂದಿನ ಸ್ಪ್ರಿಂಗ್ ಕೆಳಗೆ ಎರಡು ಇಂಚಿನ ಸ್ಪೇಸರ್ ಇದೆ. ಗಾಡಿ ನೋಡಲು ಚೆನ್ನಾಗಿ ಕಾಣುತ್ತದೆ ಅಂತ ನಾನೂ ತೆಗೆಸಿಲ್ಲ.

ಲೆಕ್ಕದ_ಮಾಸ್ತರ (ಧಾರವಾಡ)

ಟೈರ್ ಲೆಕ್ಕ ಹಾಕೋಣ. ಹಳೆಯ ಟೈರಿನ ವ್ಯಾಸ ಸುಮಾರು 735 ಮಿ.ಮೀ., ಹೊಸದರದ್ದು 777. ಹತ್ತಿರ ಹತ್ತಿರ 6% ಜಾಸ್ತಿ. ಡಿಸ್ಕ್ ಅಷ್ಟೇ ಇದೆ, ಗಾಲಿ ದೊಡ್ಡದಾಯಿತು. ಅಂದರೆ ಅದೇ ಒತ್ತಡಕ್ಕೆ ರಸ್ತೆಯ ಮೇಲೆ ಸಿಗುವ ಬ್ರೇಕ್ ಬಲ ಐದಾರು ಪರ್ಸೆಂಟ್ ಕಮ್ಮಿ. ಮೀಟರ್ ಸಹ ಸುಳ್ಳು ಹೇಳುತ್ತದೆ. ಮೊದಲು ಮೀಟರಿನಲ್ಲಿ 80 ಅಂತ ಕಂಡಾಗ ಎಷ್ಟು ವೇಗ ಇರುತ್ತಿತ್ತೋ ಅದಕ್ಕಿಂತ ಈಗ ಸುಮಾರು 6% ಜಾಸ್ತಿ ಓಡುತ್ತಿದ್ದೀರಿ. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಬ್ರೇಕ್ ನುಂಗಬೇಕಾದ ಶಕ್ತಿ 12% ಹತ್ತಿರ ಜಾಸ್ತಿ. ಎರಡೂ ಒಂದೇ ದಿಕ್ಕಿಗೆ ಎಳೆಯುತ್ತವೆ, ಅಲ್ವಾ?

ಘಾಟ್ ಲೆಕ್ಕವನ್ನೂ ಕೊಟ್ಟುಬಿಡುತ್ತೇನೆ, ಇದನ್ನು ನೋಡಿದರೆ ವಾಸನೆ ಯಾಕೆ ಬಂತು ಅಂತ ತಿಳಿಯುತ್ತದೆ. 2600 ಕೆಜಿ ಗಾಡಿ 100 ಕಿ.ಮೀ. ವೇಗದಲ್ಲಿದ್ದರೆ ಅದರ ಶಕ್ತಿ ಸುಮಾರು 10 ಲಕ್ಷ ಜೌಲ್. 50ರಲ್ಲಿದ್ದರೆ ಎರಡೂವರೆ ಲಕ್ಷ ಮಾತ್ರ. ಅದೇ ಗಾಡಿ 400 ಮೀಟರ್ ಎತ್ತರ ಇಳಿದರೆ ಬಿಡುಗಡೆಯಾಗುವ ಶಕ್ತಿ ಒಂದು ಕೋಟಿ ಜೌಲ್. 100ರ ವೇಗದಿಂದ ಸೊನ್ನೆಗೆ ಹತ್ತು ಸಲ ನಿಲ್ಲಿಸಿದಷ್ಟು. ಯಲ್ಲಾಪುರ ಸಮುದ್ರ ಮಟ್ಟದಿಂದ 500 ಮೀಟರಿಗಿಂತ ಮೇಲಿದೆ, ಅಂಕೋಲಾ ಸಮುದ್ರದ ದಂಡೆ. ಆ ಶಕ್ತಿಯಲ್ಲಿ ಸ್ವಲ್ಪ ಗಾಳಿಗೆ, ಸ್ವಲ್ಪ ಟೈರಿಗೆ ಹೋಗುತ್ತದೆ. ಉಳಿದದ್ದು ಇಂಜಿನ್‌ಗಾದರೂ ಹೋಗಬೇಕು, ಬ್ರೇಕಿಗಾದರೂ ಹೋಗಬೇಕು. ಬೇರೆ ದಾರಿ ಇಲ್ಲ.

ನಿವೃತ್ತ_ಸ್ಟೇರಿಂಗ್ (ಹಾವೇರಿ)

ಮಾಸ್ತರ ಲೆಕ್ಕ ಸರಿ ಇದೆ. ನಾವು ಬಸ್ಸಿನಲ್ಲಿ ಅದನ್ನೇ ಲೆಕ್ಕ ಇಲ್ಲದೆ ಮಾಡುತ್ತಿದ್ದೆವು.

ತಮ್ಮಾ ಪೇರಲ, ಘಾಟ್ ಯಾವ ಗೇರಿನಲ್ಲಿ ಇಳಿದೆ? ನಾಲ್ಕರಲ್ಲೋ ಐದರಲ್ಲೋ ಇರಬೇಕು. ಏರುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ. ಅರಬೈಲ್ ತಿರುವುಗಳಲ್ಲಿ ಎರಡು, ಉದ್ದನೆಯ ಇಳಿಜಾರಿನಲ್ಲಿ ಮೂರು. ಇಂಜಿನ್ ಕೂಗಿದರೆ ಕೂಗಲಿ ಬಿಡು, ಕೆಂಪು ಗೆರೆ ಮುಟ್ಟದಿದ್ದರೆ ಸಾಕು. ಗೇರ್ ಇಳಿಸುವುದು ಘಾಟ್ ಶುರುವಾಗುವ ಮೊದಲು, ನಡುವೆ ಓಡುತ್ತಿರುವಾಗ ಅಲ್ಲ.

ಡೀಸೆಲ್ ಇಂಜಿನ್ ಆಕ್ಸಿಲೇಟರ್ ಬಿಟ್ಟ ಮಾತ್ರಕ್ಕೆ ಪೆಟ್ರೋಲ್ ಇಂಜಿನ್ನಿನಷ್ಟು ಹಿಡಿಯುವುದಿಲ್ಲ. ಅದಕ್ಕೇ ಬಸ್ಸು ಲಾರಿಗಳಿಗೆ ಹೊಗೆ ದಾರಿ ತಡೆದು ಇಂಜಿನ್ ಹಿಡಿಯುವ ಎಕ್ಸಾಸ್ಟ್ ಬ್ರೇಕ್ ಅಂತ ಬೇರೆ ಕೊಟ್ಟಿರುತ್ತಾರೆ. ನಿನ್ನ ಗಾಡಿಗೆ ಅದಿಲ್ಲ, ಆದ್ದರಿಂದ ಇನ್ನೂ ಒಂದು ಗೇರ್ ಕೆಳಗೇ ಇರಲಿ.

ಮತ್ತೆ ಬ್ರೇಕ್ ಮೇಲೆ ಕಾಲು ಇಟ್ಟುಕೊಂಡೇ ಇಳಿಯಬಾರದು. 40 ಆಯಿತಾ, ಗಟ್ಟಿಯಾಗಿ ಒತ್ತಿ 25ಕ್ಕೆ ತಂದು ಪೂರ್ತಿ ಬಿಡು. ಮತ್ತೆ 40 ಆದಾಗ ಒತ್ತು. ಬಿಟ್ಟಾಗ ಡಿಸ್ಕಿಗೆ ಗಾಳಿ ಸಿಗುತ್ತದೆ. ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವ ಜಾಣರು ಇನ್ನೂ ಇದ್ದಾರೆ. ಅವರ ಹಿಂದೆ ಮುಂದೆ ನಿಲ್ಲಬೇಡ.

ಲಾಂಗ್‌ಡ್ರೈವ್_ಮಾವ

ಘಾಟಿನಲ್ಲಿ ಬ್ರೇಕ್ ಕಾದರೆ ನಾವು ಡಿಸ್ಕಿಗೆ ಒಂದು ಬಾಟಲ್ ನೀರು ಹೊಡೆಯುತ್ತೇವೆ. ಎರಡೇ ನಿಮಿಷದಲ್ಲಿ ತಣ್ಣಗಾಗುತ್ತದೆ. ಮತ್ತೆ ಬ್ರೇಕ್ ಆಯಿಲ್ ಡಾಟ್ 5 ಹಾಕಿ, ಅದೇ ಎಲ್ಲಕ್ಕಿಂತ ಮೇಲಿನ ನಂಬರ್.

ಗೋಕುಲ್‌ರೋಡ್_ಬೆಂಚು

ಮಾವಾರ, ಎರಡೂ ಮಾಡಬೇಡಿ. ಕೆಂಪಗೆ ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಹೊಡೆದರೆ ಡಿಸ್ಕ್ ಬಿರುಕು ಬಿಡುತ್ತದೆ ಅಥವಾ ಸೊಟ್ಟಾಗುತ್ತದೆ. ಗಾಡಿ ಬದಿಗೆ ಹಾಕಿ, ಗೇರಿನಲ್ಲಿ ಬಿಟ್ಟು, ಗಾಲಿಗೆ ಕಲ್ಲು ಕೊಟ್ಟು ಚಹಾ ಕುಡಿಯಿರಿ.

ಡಾಟ್ 5 ಸಿಲಿಕಾನ್ ಆಯಿಲ್. ಡಾಟ್ 3, 4 ಜೊತೆ ಸೇರುವುದಿಲ್ಲ, ಎಬಿಎಸ್ ಗಾಡಿಗೆ ಹೊಂದುವುದೂ ಇಲ್ಲ. 5.1 ಅನ್ನುವುದು ಬೇರೆ, ಅದು 4ರ ಜಾತಿಯದೇ. ಹೆಸರು ಹತ್ತಿರ ಇರುವುದರಿಂದ ಅಂಗಡಿಯಲ್ಲಿ ಗೊಂದಲ ಆಗುತ್ತದೆ, ಡಬ್ಬಿ ಓದಿ ತಗೊಳ್ಳಿ.

ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ. ಆದರೆ ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ತೇವ ಸೇರಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205 ಮತ್ತು 140. ಆಯಿಲ್ ಕುದ್ದು ಲೈನಿನಲ್ಲಿ ಆವಿ ತುಂಬಿತು ಅಂದರೆ ಪೆಡಲ್ ನೇರವಾಗಿ ನೆಲ ಮುಟ್ಟುತ್ತದೆ. ಪೇರಲ ಸರ್‌ಗೆ ಹಾಗೆ ಆಗಿಲ್ಲ, ಪೆಡಲ್ ಗಟ್ಟಿ ಇತ್ತು. ಅವರದ್ದು ಪ್ಯಾಡ್ ಕಾದು ಸೋತದ್ದು. ಆದರೂ ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸಿ. ಇಡೀ ಬ್ರೇಕ್ ಕೆಲಸದಲ್ಲಿ ಇದಕ್ಕಿಂತ ಅಗ್ಗದ್ದು ಬೇರೆ ಇಲ್ಲ. ಸರ್ವಿಸ್‌ನಲ್ಲಿ "ಟಾಪ್ ಅಪ್ ಮಾಡಿದ್ದೇವೆ" ಅಂದರೆ ಬದಲಿಸಿದ್ದಾರೆ ಅಂತ ಅಲ್ಲ.

ಇನ್ನು ನಿಮ್ಮ ಬೂಸ್ಟರ್. ಡೀಸೆಲ್ ಇಂಜಿನ್‌ನಲ್ಲಿ ಪೆಟ್ರೋಲ್ ಗಾಡಿಯ ಹಾಗೆ ತಾನಾಗಿ ವ್ಯಾಕ್ಯೂಮ್ ಸಿಗುವುದಿಲ್ಲ. ಅದಕ್ಕೆ ಬೇರೆ ಪಂಪ್ ಇರುತ್ತದೆ. ಕೆಲವಕ್ಕೆ ಆಲ್ಟರ್ನೇಟರ್ ಹಿಂದೆ, ಕೆಲವಕ್ಕೆ ಇಂಜಿನ್ ತಲೆಯ ಪಕ್ಕ. ಪಂಪ್ ಸವೆದಿದೆಯೋ, ಹೋಸ್ ಬಿರುಕು ಬಿಟ್ಟಿದೆಯೋ, ಬೂಸ್ಟರ್ ಬಾಯಲ್ಲಿ ಗಾಳಿಯನ್ನು ಒಂದೇ ಕಡೆ ಬಿಡುವ ನಾನ್ ರಿಟರ್ನ್ ವಾಲ್ವ್ ಹೋಗಿದೆಯೋ ನೋಡಬೇಕು. ವ್ಯಾಕ್ಯೂಮ್ ಗೇಜ್ ಇರುವ ಗ್ಯಾರೇಜಿಗೆ ಹೋಗಿ. ಗೇಜ್ ಇಲ್ಲದೆ ಬೂಸ್ಟರ್ ಬದಲಿಸಿ ಅನ್ನುವವರಿಂದ ದೂರ ಇರಿ. ಬೂಸ್ಟರ್ ದುಬಾರಿ, ಹೋಸ್ ಅಗ್ಗ.

ಬೈಪಾಸ್_ರನ್ನರ್

ಇಷ್ಟೆಲ್ಲ ತಲೆನೋವು ಯಾಕೆ? ದೊಡ್ಡ ಕಿಟ್ ಹಾಕಿದರೆ ಎಲ್ಲ ಹೊಸದೇ ಬರುತ್ತದಲ್ಲ.

ಗೋಕುಲ್‌ರೋಡ್_ಬೆಂಚು

ಬೂಸ್ಟರ್, ವ್ಯಾಕ್ಯೂಮ್ ಪಂಪ್, ಮಾಸ್ಟರ್ ಸಿಲಿಂಡರ್ ಯಾವುದೂ ಕಿಟ್‌ನಲ್ಲಿ ಬರುವುದಿಲ್ಲ ತಮ್ಮಾ. ನಾಲ್ಕು ಪಿಸ್ಟನ್ ಕ್ಯಾಲಿಪರ್‌ಗೆ ಜಾಸ್ತಿ ಆಯಿಲ್ ಬೇಕಾದರೆ ಹಳೆಯ ಮಾಸ್ಟರ್ ಸಿಲಿಂಡರ್‌ನಿಂದ ಪೆಡಲ್ ಇನ್ನೂ ಆಳಕ್ಕೆ ಹೋಗುತ್ತದೆ. ಹಿಂದಕ್ಕೆ ಡಿಸ್ಕ್ ಹಾಕಿದರೆ ಹ್ಯಾಂಡ್ ಬ್ರೇಕ್ ಎಲ್ಲಿಂದ ಬರುತ್ತದೆ? ಡ್ರಮ್‌ನಲ್ಲಿ ಶೂ ತಾನೇ ತಿರುಗುವ ದಿಕ್ಕಿಗೆ ಕಚ್ಚಿಕೊಳ್ಳುತ್ತದೆ, ಕಮ್ಮಿ ಒತ್ತಡ ಸಾಕು. ಡಿಸ್ಕಿಗೆ ಜಾಸ್ತಿ ಬೇಕು. ಎಬಿಎಸ್ ಕಂಪ್ಯೂಟರ್‌ಗೆ ಡ್ರಮ್ ಇದೆ ಅಂತ ಹೇಳಿಕೊಟ್ಟಿರುತ್ತಾರೆ. ಇದನ್ನೆಲ್ಲ ಲೆಕ್ಕ ಹಾಕಿ ಮಾಡುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಹೊಂದುವ ಬೋಲ್ಟ್ ಸಿಕ್ಕಿತು ಅಂತ ಹಾಕುವವರು ಜಾಸ್ತಿ.

ಕೋರ್ಟ್_ಸರ್ಕಲ್ (ಹುಬ್ಬಳ್ಳಿ)

ಕಾನೂನಿನ ಕಡೆಯಿಂದ ಚಿಕ್ಕ ಮಾತು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಹ ಇದನ್ನು ಗಟ್ಟಿಯಾಗಿ ಹೇಳಿತು. ಗಾಡಿಯ ಮೂತಿಗೆ ಕಟ್ಟುವ ಕಬ್ಬಿಣದ ಬುಲ್ ಬಾರ್ ಬೇಡ ಅಂತ ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಅಪಘಾತವಾದಾಗ ವಿಮೆ ಕಂಪನಿಯ ಸರ್ವೇಯರ್ ಮೊದಲು ನೋಡುವುದೇ ಇಂಥವನ್ನು. ದೊಡ್ಡ ಕಿಟ್ ಹಾಕಿಸುವ ಮುಂಚೆ ವಿಮೆಯವರಿಂದ ಬರಹದಲ್ಲಿ ಉತ್ತರ ತಗೊಳ್ಳಿ. ಪೇರಲ ಅವರ ಟೈರ್ ಮತ್ತು ಸ್ಪೇಸರ್‌ಗೂ ಇದೇ ಮಾತು.

ಬ್ಯಾಡಗಿ_ಖಾರ (ಕೆಎ-27)

ನಾನೂ ಇಂಥದ್ದೇ ದೊಡ್ಡ ಗಾಡಿ ಓಡಿಸುತ್ತೇನೆ. ಹೊಲಕ್ಕೆ, ಮಾರ್ಕೆಟ್ಟಿಗೆ, ಮಕ್ಕಳ ಶಾಲೆಗೆ ಎಲ್ಲ ಒಂದೇ ಗಾಡಿ. ಗಂಡಸರು ಯಾರೂ ಹೇಳದ ಎರಡು ವಿಷಯ ಹೇಳುತ್ತೇನೆ.

ಒಂದು, ಸೀಟು. ಪೆಡಲ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು. ಎಷ್ಟೋ ಜನ ಸೀಟು ಹಿಂದಕ್ಕೆ ತಳ್ಳಿ ಮಲಗಿದ ಹಾಗೆ ಕೂತು ಓಡಿಸುತ್ತಾರೆ, ಕಾಲು ನೆಟ್ಟಗಾಗುತ್ತದೆ, ಬಲ ಎಲ್ಲಿಂದ ಬರಬೇಕು? ಪೇರಲ ಅಣ್ಣಾರು "ಸೀಟಿನಿಂದ ಎದ್ದು" ಅಂತ ಬರೆದಿದ್ದು ಓದಿ ನನಗೆ ಮೊದಲು ಅನುಮಾನ ಬಂದದ್ದು ಸೀಟಿನ ಮೇಲೆಯೇ. ಬೆನ್ನು ಸೀಟಿಗೆ ಒತ್ತಿ ಕೂತರೆ ಅದೇ ಕಾಲಿಗೆ ಜಾಸ್ತಿ ಬಲ.

ಎರಡು, ಡ್ರಮ್. ಮಳೆಗಾಲದಲ್ಲಿ ಎರೆ ಹೊಲದ ದಾರಿಯಲ್ಲಿ ಓಡಾಡಿದರೆ ಮಣ್ಣು ಡ್ರಮ್ಮಿನೊಳಗೆ ಹೋಗಿ ಕೂರುತ್ತದೆ. ಒಣಗಿದ ಮೇಲೆ ಅಡ್ಜಸ್ಟರ್ ಹಲ್ಲಿನ ಚಕ್ರ ತಿರುಗುವುದೇ ಇಲ್ಲ. ನಮ್ಮ ಗಾಡಿಯ ಹಿಂದಿನ ಡ್ರಮ್ ಬಿಚ್ಚಿದಾಗ ಶೂ ಸವೆದೇ ಇರಲಿಲ್ಲ. ಮಿಸ್ತ್ರಿ "ಶೂ ಹೊಸದಿದ್ದ ಹಾಗಿದೆ ಅಕ್ಕಾರ" ಅಂತ ಖುಷಿಯಿಂದ ತೋರಿಸಿದರು. ಹೊಸದಿದ್ದ ಹಾಗಿದೆ ಅಂದರೆ ಅದು ಕೆಲಸವೇ ಮಾಡಿಲ್ಲ ಅಂತ ತಾನೆ?

ಗದಗ_ಎರೆಮಣ್ಣು

ಅಕ್ಕಾರು ಸರಿಯಾದ ಜಾಗಕ್ಕೇ ಕೈ ಹಾಕಿದರು. ಪೇರಲ ಅಣ್ಣ, ಈಗ ಸ್ಪೇಸರ್ ವಿಷಯಕ್ಕೆ ಬರೋಣ.

ಗಾಡಿ ಕೆಳಗೆ ಹೋಗಿ ಹಿಂದಿನ ಆಕ್ಸಲ್ ನೋಡಿ. ಆಕ್ಸಲ್‌ನಿಂದ ಮೇಲೆ ಚಾಸಿಸ್‌ನ ಒಂದು ವಾಲ್ವಿಗೆ ಸಣ್ಣ ರಾಡ್ ಹೋಗಿರುತ್ತದೆ. ಎಲ್ಲ ಗಾಡಿಗೂ ಇರುವುದಿಲ್ಲ, ಇಂಥ ಭಾರದ ಹಳೆಯ ಗಾಡಿಗಳಲ್ಲಿ ಬಹಳಷ್ಟಕ್ಕೆ ಇರುತ್ತದೆ. ಅದು ಲೋಡ್ ಸೆನ್ಸಿಂಗ್ ವಾಲ್ವ್. ಹಿಂದೆ ಭಾರ ಹಾಕಿದಾಗ ಚಾಸಿಸ್ ಕೆಳಗೆ ಕೂರುತ್ತದೆ, ರಾಡ್ ವಾಲ್ವನ್ನು ತಳ್ಳುತ್ತದೆ, ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಹೋಗುತ್ತದೆ. ಗಾಡಿ ಖಾಲಿ ಇದ್ದರೆ ಹಿಂಭಾಗ ಎತ್ತರ ಇರುತ್ತದೆ, ಆಗ ಒತ್ತಡ ಕಮ್ಮಿ ಮಾಡುತ್ತದೆ. ಇಲ್ಲಾಂದರೆ ಹಗುರಾದ ಹಿಂದಿನ ಗಾಲಿ ಲಾಕ್ ಆಗಿ ಗಾಡಿ ತಿರುಗಿಬಿಡುತ್ತದೆ.

ಈಗ ನಿಮ್ಮ ಗಾಡಿಗೆ ಎರಡು ಇಂಚು ಸ್ಪೇಸರ್ ಕೊಟ್ಟಿದ್ದಾರೆ. ಏಳು ಜನ ಕೂತರೂ ವಾಲ್ವಿಗೆ ಗಾಡಿ ಖಾಲಿ ಅಂತಲೇ ಅನ್ನಿಸುತ್ತದೆ. ಹಿಂದಿನ ಬ್ರೇಕ್ ಅರ್ಧ ನಿದ್ದೆಯಲ್ಲಿ, ಎಲ್ಲ ಕೆಲಸ ಮುಂದಿನ ಡಿಸ್ಕಿನ ತಲೆ ಮೇಲೆ. ಮೂಗು ಅಷ್ಟು ಬಾಗುವುದಕ್ಕೂ, ಘಾಟಿನಲ್ಲಿ ಮುಂದಿನಿಂದ ಮಾತ್ರ ವಾಸನೆ ಬಂದದ್ದಕ್ಕೂ ಇದು ಹೊಂದುತ್ತದೆ. ರಾಡ್ ತುಕ್ಕು ಹಿಡಿದು ಅಂಟಿಕೊಂಡಿರುವುದೂ ಇರುತ್ತದೆ.

ಕೆಲವರು ಆ ರಾಡನ್ನು ತಂತಿಯಿಂದ ಮೇಲಕ್ಕೆ ಎಳೆದು ಕಟ್ಟಿಬಿಡುತ್ತಾರೆ, "ಈಗ ಫುಲ್ ಬ್ರೇಕ್" ಅಂತ. ಮಳೆಯಲ್ಲಿ ಖಾಲಿ ಗಾಡಿಯ ಹಿಂಭಾಗ ಮುಂದೆ ಬಂದಾಗ ಗೊತ್ತಾಗುತ್ತದೆ. ಎಬಿಎಸ್ ಇದೆ ಅಂತಲೂ ಹಾಗೆ ಮಾಡಬೇಡಿ.

ನವಲೂರ_ಪೇರಲ

ಗಾಡಿ ಬಿಚ್ಚಿಸಿದೆ, ನಾನೂ ಪಕ್ಕದಲ್ಲೇ ನಿಂತಿದ್ದೆ. ಒಂದೊಂದಾಗಿ ಹೇಳುತ್ತೇನೆ.

ಮುಂದಿನ ಎಡ ಕ್ಯಾಲಿಪರ್: ಒಳಗಿನ ಪ್ಯಾಡ್ ತಗಡಿಗೆ ಬಂದಿತ್ತು, ಹೊರಗಿನದು ಇನ್ನೂ ದಪ್ಪ. ಕ್ಯಾಲಿಪರ್ ಜಾರುವ ಪಿನ್ ಎರಡರಲ್ಲಿ ಒಂದು ಅಲ್ಲಾಡಲೇ ಇಲ್ಲ, ಹೊಡೆದು ತೆಗೆಯಬೇಕಾಯಿತು. ಕೊನೆಗೆ ಹೊರಬಂದಾಗ ತುಕ್ಕಿನ ಪುಡಿ, ಅದರ ಜೊತೆ ಕಪ್ಪಗೆ ಗಟ್ಟಿಯಾದ ಗ್ರೀಸ್. ರಬ್ಬರ್ ಟೋಪಿ ಊದಿಕೊಂಡು ಅರ್ಧ ಹರಿದಿತ್ತು. ಬಲಗಡೆಯದು ಪರವಾಗಿಲ್ಲ. ಆದರೆ ಎರಡೂ ಕಡೆ ಪ್ಯಾಡ್ ಮೇಲ್ಮೈ ಕನ್ನಡಿಯಷ್ಟು ಹೊಳೆಯುತ್ತಿತ್ತು.

ವ್ಯಾಕ್ಯೂಮ್ ಹೋಸ್ ಕ್ಲಾಂಪಿನ ಕೆಳಗೆ ಸೀಳಿತ್ತು, ಮೇಲಿನಿಂದ ಕಾಣುವುದೇ ಇಲ್ಲ. ನಾನ್ ರಿಟರ್ನ್ ವಾಲ್ವ್ ಊದಿದರೆ ಎರಡೂ ಕಡೆ ಗಾಳಿ ಹೋಗುತ್ತಿತ್ತು. ಪಂಪ್ ಚೆನ್ನಾಗಿದೆ.

ಹಿಂದಿನ ಡ್ರಮ್: ಬ್ಯಾಡಗಿ ಅಕ್ಕಾರು ಹೇಳಿದ್ದು ಅಕ್ಷರಶಃ. ಶೂ ಹೊಸದಿದ್ದ ಹಾಗಿತ್ತು. ಲೋಡ್ ವಾಲ್ವಿನ ರಾಡ್ ಇದೆ, ಕೈಯಿಂದ ತಳ್ಳಿದರೆ ಅಲ್ಲಾಡುತ್ತದೆ, ಆದರೆ ನಿಂತ ಜಾಗ ಪೂರ್ತಿ ಕೆಳಗೆ.

ಪ್ಯಾಡ್ ಯಾವುದು ತಗೊಳ್ಳಲಿ? ಪಿ.ಬಿ. ರೋಡಿನಲ್ಲಿ ಒಂದು ಅಂಗಡಿಯವರು ಮೂರು ತರಹ ಮುಂದಿಟ್ಟರು. ಸೆರಾಮಿಕ್ ಅಂತ ಒಂದು, ಸೆಮಿ ಮೆಟಾಲಿಕ್ ಅಂತ ಒಂದು, ಮೂರನೆಯದು ಬರೀ "ಒಳ್ಳೇ ಮಾಲು".

ಲೆಕ್ಕದ_ಮಾಸ್ತರ

ಪ್ಯಾಡಿನ ಅಂಚಿನಲ್ಲಿ ಅಥವಾ ಹಿಂದಿನ ತಗಡಿನ ಮೇಲೆ ಉದ್ದ ನಂಬರ್ ಇರುತ್ತದೆ, ಅದರ ಕೊನೆಯಲ್ಲಿ ಎರಡು ಇಂಗ್ಲಿಷ್ ಅಕ್ಷರ. ಮೊದಲನೆಯದು ತಣ್ಣಗಿದ್ದಾಗಿನ ಘರ್ಷಣೆ, ಎರಡನೆಯದು ಬಿಸಿಯಾದಾಗಿನದು. ಇ ಅಂದರೆ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ನಿಮಗೆ ಎಫ್ಎಫ್ ಅಥವಾ ಜಿಜಿ ಸಿಕ್ಕರೆ ಒಳ್ಳೆಯದು. ಮೊದಲ ಅಕ್ಷರಕ್ಕಿಂತ ಎರಡನೆಯದು ಕೆಳಗಿದ್ದರೆ, ಅಂದರೆ ಎಫ್ಇ ಇದ್ದರೆ, ಬಿಸಿಯಾದಾಗ ಹಿಡಿತ ಇಳಿಯುತ್ತದೆ ಅಂತ. ಘಾಟಿಗೆ ಬೇಡ. ಇದು ಬರೀ ಘರ್ಷಣೆಯ ಗುರುತು, ಪ್ಯಾಡ್ ಎಷ್ಟು ಬಾಳುತ್ತದೆ ಅನ್ನುವುದಕ್ಕೆ ಅಲ್ಲ.

ಗೋಕುಲ್‌ರೋಡ್_ಬೆಂಚು

ಭಾರದ ಗಾಡಿ, ಘಾಟ್ ಓಡಾಟ ಅಂದರೆ ನಾನು ಸೆಮಿ ಮೆಟಾಲಿಕ್ ಹಾಕುತ್ತೇನೆ. ಸ್ವಲ್ಪ ಸದ್ದು, ಗಾಲಿಯ ಮೇಲೆ ಕಪ್ಪು ಪುಡಿ ಜಾಸ್ತಿ, ಡಿಸ್ಕ್ ಸ್ವಲ್ಪ ಬೇಗ ಸವೆಯುತ್ತದೆ. ಬಿಸಿ ತಡೆಯುತ್ತದೆ. ಸೆರಾಮಿಕ್ ಸದ್ದಿಲ್ಲ, ಪುಡಿ ಇಲ್ಲ, ಊರೊಳಗೆ ಓಡಿಸುವವರಿಗೆ ಚೆನ್ನ. ಅಕ್ಷರ ಇಲ್ಲದ "ಒಳ್ಳೇ ಮಾಲು" ವಾಪಸ್ ಕೊಡಿ. ಜೊತೆಗೆ ಬಿಲ್ ಕೇಳಿ, ನಕಲಿ ಪ್ಯಾಡ್ ನಮ್ಮ ಕಡೆ ಬಾಳ ಓಡುತ್ತವೆ.

ಪಿನ್ನಿಗೆ ಬೇರಿಂಗ್ ಗ್ರೀಸ್ ಹಾಕಿದ್ದಾರೆ, ರಬ್ಬರ್ ಊದಿದ್ದು ಅದಕ್ಕೇ. ಪೆಟ್ರೋಲಿಯಂ ಗ್ರೀಸ್ ಈ ರಬ್ಬರಿಗೆ ಆಗುವುದಿಲ್ಲ. ಬ್ರೇಕಿಗೆ ಅಂತ ಬರುವ ಸಿಲಿಕಾನ್ ಗ್ರೀಸ್ ಬೇಕು. ಪಿನ್, ರಬ್ಬರ್ ಕಿಟ್ ಎರಡೂ ಹೊಸದು ಹಾಕಿಸಿ.

ಡಿಸ್ಕ್ ಅಳತೆ ಮಾಡಿಸಿದ್ದೀರಾ? ಕನಿಷ್ಠ ದಪ್ಪ ಡಿಸ್ಕ್ ಮೇಲೆಯೇ ಕೆತ್ತಿರುತ್ತದೆ. ಲೇತಿಗೆ ಹಾಕಿದ ಮೇಲೆ ಅದಕ್ಕಿಂತ ಕಮ್ಮಿ ಆಗುವುದಾದರೆ ಲೇತ್ ಖರ್ಚು ಉಳಿಸಿ ಹೊಸದೇ ತಗೊಳ್ಳಿ. ತೆಳ್ಳಗಾದ ಡಿಸ್ಕ್ ಬೇಗ ಕಾಯುತ್ತದೆ. ಡ್ರಮ್ ಧೂಳನ್ನು ಗಾಳಿ ಹೊಡೆದು ಹಾರಿಸಲು ಬಿಡಬೇಡಿ, ಹಳೆಯ ಲೈನರ್‌ನಲ್ಲಿ ಕಲ್ನಾರು ಇರಬಹುದು. ಬ್ರೇಕ್ ಕ್ಲೀನರ್‌ನಿಂದ ತೊಳೆಯಲಿ.

ರಬ್ಬರ್ ಬ್ರೇಕ್ ಹೋಸ್ ಹತ್ತು ವರ್ಷ ದಾಟಿದ್ದರೆ ಎಲ್ಲವನ್ನೂ ಬದಲಿಸಿ. ಸ್ಟೀಲ್ ಹೆಣೆದ ಹೋಸ್ ಬೇಕಾದರೆ ಹಾಕಿ, ಪೆಡಲ್ ಸ್ವಲ್ಪ ಚುರುಕಾಗುತ್ತದೆ, ಅದಕ್ಕಿಂತ ಜಾಸ್ತಿ ಏನೂ ಇಲ್ಲ.

ಬೈಪಾಸ್_ರನ್ನರ್

ಇಷ್ಟೆಲ್ಲ ಸೇರಿಸಿದರೆ ಕಿಟ್‌ನ ಅರ್ಧ ದುಡ್ಡು ಆಗಲ್ವಾ?

ಗದಗ_ಎರೆಮಣ್ಣು

ಕಿಟ್ ಹಾಕಿದರೂ ಸೀಳಿದ ಹೋಸ್ ಬದಲಿಸಲೇಬೇಕು, ಮಣ್ಣು ತುಂಬಿದ ಡ್ರಮ್ ತೊಳೆಯಲೇಬೇಕು. ಆ ಖರ್ಚು ಎಲ್ಲಿ ತಪ್ಪುತ್ತದೆ?

ನವಲೂರ_ಪೇರಲ

ಕೆಲಸ ಮುಗಿಯಿತು. ಮುಂದೆ ಎರಡೂ ಡಿಸ್ಕ್ ಹೊಸದು, ಹಳೆಯವು ಕನಿಷ್ಠ ದಪ್ಪಕ್ಕೆ ಬಂದಿದ್ದವು. ಅಳತೆ ಕಂಪನಿಯದ್ದೇ, ದೊಡ್ಡದಲ್ಲ. ಎಫ್ಎಫ್ ಗುರುತಿನ ಸೆಮಿ ಮೆಟಾಲಿಕ್ ಪ್ಯಾಡ್, ಪಿನ್ ಕಿಟ್, ವ್ಯಾಕ್ಯೂಮ್ ಹೋಸ್, ನಾನ್ ರಿಟರ್ನ್ ವಾಲ್ವ್. ಹಿಂದೆ ಡ್ರಮ್ ತೊಳೆದು ಅಡ್ಜಸ್ಟರ್ ಬಿಡಿಸಿ ಶೂ ಹೊಂದಿಸಿದರು. ಸ್ಪೇಸರ್ ತೆಗೆಸಿದೆ, ಲೋಡ್ ವಾಲ್ವಿನ ರಾಡ್ ಕಂಪನಿ ಅಳತೆಗೆ ಬಂತು. ಆಯಿಲ್ ಡಾಟ್ 4, ದೂರದ ಗಾಲಿಯಿಂದ ಶುರು ಮಾಡಿ ಏರ್ ತೆಗೆದರು. ಹಳೆಯ ಆಯಿಲ್ ಹೊರಬಂದಾಗ ಕಡು ಚಹಾ ಬಣ್ಣ. ಟೈರ್ ಮಾತ್ರ ಸದ್ಯಕ್ಕೆ ಹಾಗೇ ಇದೆ, ಸವೆದ ಮೇಲೆ 235ಕ್ಕೇ ವಾಪಸ್ ಹೋಗುತ್ತೇನೆ.

ಬೆಂಚು ಸರ್ ಫೋನಿನಲ್ಲಿ ಹೇಳಿದ ಹಾಗೆ ಪ್ಯಾಡ್ ಕೂರಿಸಿದೆ. ಖಾಲಿ ರಸ್ತೆಯಲ್ಲಿ 60ರಿಂದ 10ರವರೆಗೆ ಹದವಾಗಿ ಒತ್ತುವುದು, ಪೂರ್ತಿ ನಿಲ್ಲಿಸದೆ ಮತ್ತೆ 60ಕ್ಕೆ ಹೋಗುವುದು, ಹೀಗೆ ಎಂಟು ಹತ್ತು ಸಲ. ಆಮೇಲೆ ಬ್ರೇಕ್ ಮುಟ್ಟದೆ ಓಡಿಸಿ ತಣ್ಣಗಾಗಲು ಬಿಡುವುದು. ಬಿಸಿ ಇದ್ದಾಗ ಪೆಡಲ್ ಒತ್ತಿಕೊಂಡು ನಿಲ್ಲಬಾರದಂತೆ, ಪ್ಯಾಡಿನ ಗುರುತು ಡಿಸ್ಕ್ ಮೇಲೆ ಒಂದೇ ಜಾಗಕ್ಕೆ ಅಂಟಿ ಮುಂದೆ ಅದುರುತ್ತದೆ ಅಂದರು.

ತಾರಿಹಾಳದಲ್ಲಿ ಮತ್ತೆ ಅದೇ ಪರೀಕ್ಷೆ. 50ರಲ್ಲಿ ಪೂರ್ತಿ ತುಳಿದೆ. ಕಟಕಟ ಅಂತ ಎಬಿಎಸ್ ಬಡಿಯಿತು, ಹಿಂದಿನ ಸೀಟಿನ ಮೇಲಿದ್ದ ಟಿಫಿನ್ ಡಬ್ಬಿ ಮುಂದೆ ಬಂದು ಗೇರ್ ಲಿವರ್ ಹತ್ತಿರ ಬಿತ್ತು. ಮೂಗು ಮೊದಲಿನಷ್ಟು ಬಾಗುವುದಿಲ್ಲ, ಗಾಡಿ ನಾಲ್ಕೂ ಗಾಲಿಯ ಮೇಲೆ ಒಟ್ಟಿಗೆ ಕೂರುತ್ತದೆ. ಅಕ್ಕಾರ, ಸೀಟನ್ನೂ ಎರಡು ಹಲ್ಲು ಮುಂದಕ್ಕೆ ಹಾಕಿದ್ದೇನೆ.

ಘಾಟ್ ಇನ್ನೂ ಇಳಿದಿಲ್ಲ. ಸ್ಟೇರಿಂಗ್ ಕಾಕಾರ ಮಾತಿನ ಪ್ರಕಾರ ಎರಡು, ಮೂರು ಗೇರ್.

ನಿವೃತ್ತ_ಸ್ಟೇರಿಂಗ್

ಬಾಳ ಚಲೋ ಆಯಿತು. ಏಳು ಜನ ಇದ್ದಾರ ಅಂದರೆ ಎರಡರಲ್ಲೇ ಶುರು ಮಾಡು. ಹಿಂದಿನವನು ಹಾರ್ನ್ ಹೊಡೆದರೆ ಜಾಗ ಕೊಟ್ಟು ಕಳಿಸು.

ಬೈಪಾಸ್_ರನ್ನರ್

ಖುಷಿ ಆಯಿತು ಅಣ್ಣ. ಆದರೂ ನನ್ನ ಕಿಟ್ ನಾನು ತೆಗೆಯುವುದಿಲ್ಲ. ಹಿಂದೆ ಟ್ರೈಲರ್ ಕಟ್ಟಿಕೊಂಡು ದಾಂಡೇಲಿ ಕಡೆ ಓಡಾಡುವವನು ನಾನು, ಪದೇ ಪದೇ ಬಿಸಿ ಆಗುತ್ತದೆ.

ಗೋಕುಲ್‌ರೋಡ್_ಬೆಂಚು

ನಿಮ್ಮ ಕೆಲಸಕ್ಕೆ ಅದು ಸರಿ. ದೊಡ್ಡ ಡಿಸ್ಕ್ ಬಿಸಿ ಜಾಸ್ತಿ ಹಿಡಿದುಕೊಳ್ಳುತ್ತದೆ, ಬೇಗ ಬಿಡುತ್ತದೆ. ಟ್ರೈಲರ್ ಇದ್ದರೆ ಬೇಕು. ಆದರೆ ನಿಮ್ಮ ಲೋಡ್ ವಾಲ್ವ್ ಸಹ ಒಮ್ಮೆ ನೋಡಿಸಿ.

ಲಕ್ಷ್ಮೇಶ್ವರ_ಪಿಕಪ್

ನನ್ನದು ಪಿಕಪ್. ಖಾಲಿ ಇದ್ದಾಗ ಬ್ರೇಕ್ ಹಾಕಿದರೆ ಹಿಂದಿನ ಗಾಲಿ ಕಿರ್ ಅಂತ ಎಳೆಯುತ್ತದೆ, ಲೋಡ್ ಇದ್ದಾಗ ಸರಿ ಇರುತ್ತದೆ. ಇದೂ ಆ ರಾಡಿನದ್ದೇನಾ?

ಗದಗ_ಎರೆಮಣ್ಣು

ಹೌದ್ರೀ, ಉಲ್ಟಾ ಕೇಸ್ ಇರಬಹುದು. ಹಿಂದಿನ ಸ್ಪ್ರಿಂಗ್ ಪಟ್ಟಿ ಕುಸಿದು ಕೂತಿದೆಯಾ, ಅಥವಾ ಯಾರಾದರೂ ರಾಡನ್ನು ತಂತಿಯಿಂದ ಕಟ್ಟಿದ್ದಾರಾ ಕೆಳಗೆ ಹೋಗಿ ನೋಡಿ. ಫೋಟೋ ತೆಗೆದು ಇಲ್ಲೇ ಹಾಕಿ. ಮಳೆ ಬರುವ ಮುಂಚೆ ನೋಡಿಸಿಕೊಳ್ಳಿ, ಅಲ್ಲಿಯವರೆಗೆ ಖಾಲಿ ಗಾಡಿಯಲ್ಲಿ ಜೋರಾಗಿ ಓಡಿಸಬೇಡಿ.